ಗೆರೆಯಲ್ಲಿ ಕಂಡ ಎರಡನೇ ಉಬ್ಬು

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಕಾಲಕ್ಕೆ ಊರಿನ ಮಾತೆಲ್ಲ ಕಾಲುವೆಯದೇ ಆಗಿತ್ತು. ಶಹಾಪುರ, ಸುರಪುರದ ಕಡೆ ಹೊಲಗಳಿಗೆ ಕೃಷ್ಣೆಯ ನೀರು ಹೊಸದಾಗಿ ಬರುತ್ತಿತ್ತು. ಬೆಳಗ್ಗೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಲಿಯುವ ಹುಡುಗಿಯರು ಬಂದು ಹೋದ ಮೇಲೆ ಹಗಲೆಲ್ಲ ನನಗೆ ಕಾಲುವೆಯ ಕಾಗದಗಳೇ. ಗುತ್ತಿಗೆದಾರರ ಎಸ್ಟಿಮೇಟು, ಭೂಮಿ ಹೋದವರ ಅರ್ಜಿ, ಟೆಂಡರಿನ ನಕಲು. ಮಣ್ಣು ಅಗೆಯುವುದಕ್ಕೆ, ಬಂಡೆ ಒಡೆಯುವುದಕ್ಕೆ, ಸಿಮೆಂಟ್ ಹಾಸುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನ್ನ ಬೆರಳುಗಳಿಗೇ ಬಾಯಿಪಾಠವಾಗಿತ್ತು. ಮಷಿನ್ನಿನ ಕಡೆ ನೋಡದೆ, ಬಂದವರ ಜೊತೆ ಮಾತಾಡುತ್ತಲೇ ಹೊಡೆಯುತ್ತಿದ್ದೆ.

ಅಂಥ ಒಂದು ಭಾನುವಾರ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತರು. ನನಗಿಂತ ಸ್ವಲ್ಪ ಚಿಕ್ಕವರು. ನೂಲಿನ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಹುಬ್ಬಿನ ಮೇಲೆಲ್ಲ ಬಸ್ಸಿನ ಧೂಳು. ಸುರಪುರದ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಎಂದು ಹೇಳಿಕೊಂಡರು.

"ಥೀಸಿಸ್ ಟೈಪ್ ಮಾಡಿ ಕೊಡ್ತೀರೇನ್ರಿ?"

"ಮಾಡಿ ಕೊಡ್ತೀನ್ರಿ. ಎದರ ಮ್ಯಾಲ ಅದ?"

"ಸೂಪರ್‌ಕಂಡಕ್ಟರ್ ಮ್ಯಾಲ."

ನನಗೆ ಗೊತ್ತಿದ್ದ ಕಂಡಕ್ಟರ್ ಬಸ್ಸಿನವನೊಬ್ಬನೇ. ಅವರು ಚೀಲದಿಂದ ತೆಗೆದ ಹಾಳೆಗಳನ್ನು ನೋಡಿ ನಾನು ಇನ್ನೂ ಗಾಬರಿಯಾದೆ. ಎರಡು ಸಾಲು ಇಂಗ್ಲಿಷ್ ಇದ್ದರೆ ಮೂರು ಸಾಲು ಲೆಕ್ಕ. ಅದರಲ್ಲಿ ನಾನು ಕಂಡಿರದ, ಡೊಂಕು ಡೊಂಕಾದ ಗ್ರೀಕ್ ಅಕ್ಷರಗಳು.

"ಈ ಅಕ್ಷರ ನನ್ನ ಮಷಿನ್ನಾಗ ಇಲ್ರಿ ಮೇಡಮ್."

"ಗೊತ್ತದ ರಿ. ನೀವು ಜಾಗಾ ಬಿಡ್ರಿ. ನಾ ಆಮ್ಯಾಲ ಕರಿ ಶಾಯಿಲೆ ಬರೀತೀನಿ. ಗುಲ್ಬರ್ಗಾದಾಗ ಕೇಳಿದೆ, ಅವ್ರು ಲೆಕ್ಕದ ಹಾಳಿ ಬ್ಯಾಡ ಅಂದ್ರು."

ಗುಲ್ಬರ್ಗಾದವರು ಬೇಡವೆಂದದ್ದನ್ನು ಯಾದಗಿರಿಯಲ್ಲಿ ಮಾಡಿ ತೋರಿಸಬೇಕೆಂಬ ಹಟ ನನಗೆ ಅಲ್ಲೇ ಹುಟ್ಟಿತು. ಒಪ್ಪಿಕೊಂಡೆ.

ಅಲ್ಲಿಂದ ಅವರು ಬಿಡುವಿದ್ದ ಭಾನುವಾರಗಳಲ್ಲಿ ಶಹಾಪುರದ ಮೇಲಿಂದ ಬಸ್ಸು ಹಿಡಿದು ಬರುತ್ತಿದ್ದರು. ಎರಡನೇ ಸಲಕ್ಕೇ ನಾನು ಅವರಿಗೆ ಆಪಾ, ಅಂದರೆ ಅಕ್ಕ, ಆದೆ, ಅವರು ನನಗೆ ಕೊನೆಯತನಕ ಮೇಡಮ್ಮೇ ಉಳಿದರು. ಯಾವ ಅಕ್ಷರಕ್ಕೆ ಎಷ್ಟು ಜಾಗ ಬೇಕು, ಮೇಲೆ ಏರಿಸಿ ಬರೆಯುವ ಅಂಕಿಗೆ ರೋಲರನ್ನು ಎಷ್ಟು ತಿರುಗಿಸಬೇಕು ಎಂಬುದನ್ನು ಇಬ್ಬರೂ ಕೂತು ಪಳಗಿಸಿಕೊಂಡೆವು. ಒಂದು ಅಕ್ಷರಕ್ಕೆ ಅವರು "ಕೈ" ಎನ್ನುತ್ತಿದ್ದರು. ಹೊರಗಿನ ಕಾಂತಬಲಕ್ಕೆ ವಸ್ತು ಎಷ್ಟು ಓಗೊಡುತ್ತದೆ ಎಂದು ಹೇಳುವ ಅಕ್ಷರವಂತೆ. "ಆಪಾ, ಇಲ್ಲಿ ಕೈಗೆ ಜಾಗಾ ಬಿಟ್ಟಿಲ್ಲ" ಎಂದು ಅವರು ಅಂದರೆ, ಒಳಮನೆಯಲ್ಲಿ ಕೂತಿದ್ದ ನಮ್ಮ ಅಮ್ಮಿ ಟೇಬಲ್ ಸಾಲದೆಂದು ತಿಳಿದು ಸ್ಟೂಲು ತರಲು ಏಳುತ್ತಿದ್ದಳು.

ಅವರ ತವರು ತಿಂಥಣಿ ಹತ್ತಿರದ ಒಂದು ಹಳ್ಳಿ. ತಂದೆ ಒಕ್ಕಲುತನದವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇವರೇ ಮೊದಲು. ಎಂಬತ್ತರ ದಶಕದ ಕೊನೆಗೆ, ದ್ರವ ನೈಟ್ರೋಜನ್ನಿನ ತಂಪಿನಲ್ಲೇ ತಡೆಯಿಲ್ಲದೆ ಕರೆಂಟ್ ಹರಿಸುವ ಕರಿ ಕರಿ ಮಣ್ಣಿನಂಥ ವಸ್ತು ಸಿಕ್ಕಿದೆಯೆಂದು ಜಗತ್ತಿನ ಲ್ಯಾಬುಗಳಲ್ಲೆಲ್ಲ ಗದ್ದಲವೆದ್ದಾಗ, ಇವರು ಸುರಪುರದಲ್ಲಿ ಪಿಯುಸಿ ಮಕ್ಕಳಿಗೆ ಮಸೂರ, ದರ್ಪಣ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಓದಿ ಗುಲ್ಬರ್ಗಾಕ್ಕೆ ಹೋಗಿ, ಹಿಂದೆ ತಮಗೆ ಪಾಠ ಹೇಳಿದ್ದ ಪ್ರೊಫೆಸರರನ್ನು ಕಂಡು, ಈ ವಿಷಯದ ಮೇಲೇ ಕೆಲಸ ಮಾಡುತ್ತೇನೆಂದರಂತೆ. ಅವರೇ ಗೈಡ್ ಆದರು. ಲ್ಯಾಬಿನಲ್ಲಿ ದಿನವೂ ಕೂಡಲು ಇವರಿಗೆ ಆಗುವಂತಿರಲಿಲ್ಲ, ಅದಕ್ಕೆ ಥಿಯರಿ ಆರಿಸಿಕೊಂಡರು. ಅಂಥ ವಸ್ತುವನ್ನು ಕಾಂತಕ್ಷೇತ್ರದಲ್ಲಿ ಇಟ್ಟರೆ ಒಳಗೆ ಏನಾಗುತ್ತದೆಂದು ಲೆಕ್ಕ ಹಾಕಿ ಹೇಳುವುದು.

ಒಂದು ದಿನ ನಾನು ಕೇಳಿಯೇಬಿಟ್ಟೆ. "ಮೇಡಮ್, ಇಷ್ಟು ದಿನಾತು ಹೊಡೀಲಿಕತ್ತೀನಿ. ಇದ್ರಾಗ ಏನದ ಅಂತ ಒಂದೀಟು ಹೇಳ್ರಿ."

ಅವರಿಗೆ ಖುಷಿಯಾಯಿತು. ಹಾಳಾದ ಒಂದು ಹಾಳೆಯ ಬೆನ್ನಿಗೆ ದುಂಡಗೆ ಒಂದು ಬಿಲ್ಲೆ ಬರೆದರು.

"ಈ ಬಿಲ್ಲಿ ಸುತ್ತ ಕಾಂತದ ಬಲ ಹೆಚ್ಚು ಮಾಡ್ಕೋತ ಹೋದ್ರ, ಅದು ಸುಮ್ಕ ಒಳಗ ಬಿಟ್ಕೊಳ್ಳಂಗಿಲ್ಲ. ತನ್ನ ಅಂಚಿನ್ಯಾಗ ತಾನೇ ಕರೆಂಟ್ ಹರಿಸಿ ತಡೀತದ. ಆದ್ರ ಆ ಕರೆಂಟಿಗೂ ಒಂದು ಮಿತಿ ಅದ. ಮಿತಿ ಮುಟ್ತು ಅಂದ್ರ ಬಲ ಅಂಚಿನಿಂದ ಒಳಗ ಸರೀತದ. ಒಳಗ ಹೋದಂಗ ಹೋದಂಗ ಕಡಿಮಿ ಆಗ್ತದ."

"ನಡುವಿನ ತನಾ ಹೋಗ್ತದೇನ್ರಿ?"

"ಸಾಕಷ್ಟಿದ್ರ ಹೋಗ್ತದ. ಆಮ್ಯಾಲ ಹೊರಗಿನ ಬಲ ತಿರುಗಿಸಿದ್ರೂ ಒಳಗ ಹೋಗಿದ್ದು ಪೂರ್ತಿ ಹೊರಗ ಬರಂಗಿಲ್ಲ. ಹಿಂಗ ಅತ್ತ ಇತ್ತ ತಿರುಗಿಸಿದಂಗೆಲ್ಲ ಒಂದಿಷ್ಟು ಶಕ್ತಿ ಶಾಖಾಗಿ ಹಾಳಾಗ್ತದ. ಎಷ್ಟು ಹಾಳಾಗ್ತದ ಅನ್ನೋದೇ ನನ್ನ ಲೆಕ್ಕ."

ಬಿಲ್ಲೆಯ ಪಕ್ಕದಲ್ಲಿ ಒಂದು ಗೆರೆ ಎಳೆದರು. ತಂಪಿನಿಂದ ಬಿಲ್ಲೆ ಮೆಲ್ಲಗೆ ಬೆಚ್ಚಗಾದಂತೆ ಹಾಳಾಗುವ ಶಕ್ತಿ ಏರುತ್ತದೆ, ಕಾಂತಬಲ ಸರಿಯಾಗಿ ನಡುವನ್ನು ಮುಟ್ಟಿದಾಗ ಉಬ್ಬುತ್ತದೆ, ಮತ್ತೆ ಇಳಿದು ಇಲ್ಲವಾಗುತ್ತದೆ. ಗೆರೆಯಲ್ಲಿ ಒಂದೇ ಉಬ್ಬು. ಇಡೀ ಬಿಲ್ಲೆಯನ್ನು ಒಂದೇ ಗಟ್ಟಿ ತುಂಡೆಂದು ಹಿಡಿದು ಅವರು ಮಾಡಿದ್ದ ಈ ಲೆಕ್ಕವೇ ಮೂರನೇ ಅಧ್ಯಾಯ. ಮಳೆಗಾಲವಿಡೀ ಕೂತು ನಾನದನ್ನು ಮುಗಿಸಿದೆ. ಕಾರ್ಬನ್ ಪ್ರತಿಗಳಲ್ಲೂ ಅವರು ಒಂದೊಂದೇ ಅಕ್ಷರ ಕೈಯಿಂದ ತುಂಬಿದರು. ಗೈಡ್ ಓದಿ, ಚೆನ್ನಾಗಿದೆ ಎಂದರಂತೆ. ಅವತ್ತು ಅವರು ನಮಗೆ ಜಿಲೇಬಿ ತಂದಿದ್ದರು.

ಅದಾಗಿ ಕೆಲವು ವಾರಕ್ಕೆ ಮತ್ತೆ ಬಂದರು. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು, ಬಿಚ್ಚಲಿಲ್ಲ.

"ಆಪಾ, ಮೂರನೇ ಅಧ್ಯಾಯ ತೆಗೀಬೇಕು."

"ಯಾಕ್ರಿ? ಟೈಪ್ ತಪ್ಪಾಗ್ಯಾದೇನು?"

"ಟೈಪ್ ಬರೋಬ್ಬರಿ ಅದ. ನಾ ತಪ್ಪೀನಿ."

ನಡೆದದ್ದು ಇಷ್ಟು. ಗೈಡರ ಲ್ಯಾಬಿನಲ್ಲಿ ಆ ಕರಿ ಬಿಲ್ಲೆಗಳನ್ನು ಮಾಡಿ ಅಳೆಯುವ ಒಬ್ಬ ಸಂಶೋಧಕರಿದ್ದರು. ಇವರು ತಮ್ಮ ಲೆಕ್ಕದ ಗೆರೆಯನ್ನು ಅವರ ಅಳತೆಯ ಗೆರೆಯ ಪಕ್ಕ ಇಟ್ಟು ನೋಡಲು ಹೋಗಿದ್ದಾರೆ. ದೊಡ್ಡ ಉಬ್ಬು ಲೆಕ್ಕ ಹೇಳಿದ ಕಡೆಯೇ ಇತ್ತು. ಆದರೆ ಅದನ್ನು ದಾಟಿ, ಬಿಲ್ಲೆ ತನ್ನ ಗುಣ ಕಳೆದುಕೊಳ್ಳುವ ತುಸು ಮೊದಲು ಇನ್ನೊಂದು ಸಣ್ಣ ಉಬ್ಬು. ಬಿಲ್ಲೆಯಲ್ಲಿ ಏನೋ ಕಲಬೆರಕೆ ಇದ್ದೀತು, ಹಾಗೆಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿ ಎಂದು ಗೈಡ್ ಹೇಳಿದರಂತೆ. ಅದು ಅವರ ಅನುಭವದ ಮಾತೇ. ಹೊಸ ವಸ್ತು, ಎಲ್ಲರ ಬಿಲ್ಲೆಗಳೂ ಆಗ ಹಾಗೇ ಇರುತ್ತಿದ್ದವು.

"ಒಂದು ಬಿಲ್ಲ್ಯಾಗ ಇದ್ದಿದ್ರ ನಾನೂ ಹೌದು ಅಂತಿದ್ದೆ," ಎಂದರು ಮೇಡಮ್. "ಅವ್ರು ಮಾಡಿದ್ದೆಲ್ಲಾ ತೆಗ್ಸಿ ನೋಡ್ದೆ. ಎಲ್ಲಾದ್ರಾಗೂ ಅದ."

ನನಗೆ ಸಿಟ್ಟೇ ಬಂತು. ಅಷ್ಟು ಹಾಳೆ, ಅಷ್ಟು ಕಣ್ಣುನೋವು. "ನಿಮ್ಮ ಗೈಡೇ ಸಾಕು ಅಂದಾಗ ನಿಮಗ್ಯಾಕ್ರಿ ಉಸಾಬರಿ? ಒಂದು ಸಾಲಲ್ಲ, ಎರಡು ಸಾಲು ಬರೀರಿ. ನಾ ಚಂದಾಗಿ ಹೊಡ್ದು ಕೊಡ್ತೀನಿ."

"ಆ ಗೆರಿ ನಾ ಕಣ್ಣಾರೆ ನೋಡಿ ಬಂದೀನಿ ಆಪಾ. ನೋಡಿಲ್ಲ ಅನ್ನೋ ಹಂಗ ಹೆಂಗ ಬರೀಲಿ?"

ದನಿ ಎತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಬಸ್ಸು ತಪ್ಪಿದವರು ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವ ಹಾಗೆ ಹೇಳಿದರು. ಒಳಗಿಂದ ಅಮ್ಮಿ "ಚಾ ಪೀಕೇಚ್ ಜಾ ಮಾ" ಎಂದು ಕೂಗಿ, ಚಹಾ ಕುಡಿಸದೆ ಬಿಡಲಿಲ್ಲ. ಅವರು ಹೋದ ಮೇಲೂ ನನಗೆ ಕೆಲಸಕ್ಕೆ ಕೈ ಹೋಗಲಿಲ್ಲ. ಕಾಲುವೆಯ ಎಸ್ಟಿಮೇಟುಗಳಲ್ಲಿ ಒಂದು ತಪ್ಪು ಮುಚ್ಚಲು ಇನ್ನೊಂದು ಅಂಕಿ ಕೂಡಿಸುವವರನ್ನು ಎಷ್ಟೋ ಮಂದಿ ಕಂಡಿದ್ದೆ. ಯಾರೂ ಕೇಳದೆ, ಎಲ್ಲರೂ ಬೇಡವೆಂದರೂ, ತಾನು ಮಾಡಿದ್ದನ್ನು ತಾನೇ ಬಿಚ್ಚಿ ಹಾಕುವವರನ್ನು ಕಂಡದ್ದು ಅದೇ ಮೊದಲು.

ಮುಂದೆ ಬಹಳ ದಿನ ಅವರು ಟೈಪಿಗೆ ಏನೂ ತರಲಿಲ್ಲ. ಗುಲ್ಬರ್ಗಾಕ್ಕೆ ಹೋಗಿಬರುವಾಗ ಸ್ಟೇಷನ್ನಿನಿಂದ ಹಾಗೇ ಬಂದು ಕೂತು ಹೋಗುತ್ತಿದ್ದರು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಿಂದ ತೆಗೆದ ಬಿಲ್ಲೆಯ ಫೋಟೋ ಒಂದನ್ನು ಒಮ್ಮೆ ತೋರಿಸಿದರು. ಹೊರಗಿಂದ ನುಣ್ಣಗೆ ಕಾಣುವ ಬಿಲ್ಲೆ ಒಳಗೆ ಬರೀ ಹರಳು ಹರಳು.

"ನಾ ಇದನ್ನ ಒಂದೇ ಗಟ್ಟಿ ತುಂಡು ಅಂತ ತಿಳ್ಕೊಂಡಿದ್ದೆ," ಎಂದರು. "ಹರಳು ಗಟ್ಟಿ ಅವ. ಹರಳಿಗೂ ಹರಳಿಗೂ ನಡುವಿನ ಜೋಡಣಿ ಸಡ್ಲ. ಕಾಂತಬಲ ಮೊದಲು ಆ ಸಡಲ ಜಾಗಾದಾಗ ನುಗ್ತದ. ಆಗ ಒಂದು ಉಬ್ಬು. ಹರಳು ಮಾತ್ರ ಒಂದೊಂದೂ ತನ್ನಷ್ಟಕ್ಕ ತಾ ತಡ್ಕೊಂಡು ನಿಂತಿರ್ತದ, ಕೊನೀಗೆ ಬಿಡ್ತದ. ಅದೇ ಆ ಸಣ್ಣ ಉಬ್ಬು."

ನಾನು ತಲೆ ಕೆರೆದುಕೊಂಡೆ. ಅವರು ನಕ್ಕು, ತಮ್ಮ ತಂದೆಯ ಹೊಲಕ್ಕೆ ಮೊದಲ ಸಲ ಕಾಲುವೆ ನೀರು ಬಿಟ್ಟ ದಿನದ ಮಾತು ತೆಗೆದರು. ಎರೆಭೂಮಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ನೀರು ಮೊದಲು ಬಿರುಕಿನಲ್ಲಿ ಓಡಿ ಹೊಲದ ಆ ತುದಿ ಮುಟ್ಟಿತು. ಎಲ್ಲರೂ ಹೊಲ ನೆನೆಯಿತೆಂದರು. ಹೆಂಟೆ ಒಡೆದು ನೋಡಿದರೆ ಒಳಗೆ ಇನ್ನೂ ಒಣ ಇತ್ತಂತೆ.

"ಹಾಂ, ಈಗ ತಿಳೀತ್ರಿ," ಎಂದೆ.

"ಅಷ್ಟು ಜಲ್ದಿ ತಿಳ್ಕೋಬ್ಯಾಡ್ರಿ," ಎಂದರು. "ಹೆಂಟಿ ಕರೆಂಟ್ ಹರಿಸಿ ನೀರು ತಡಿಯಂಗಿಲ್ಲ. ಹರಳು ತಡೀತದ. ಹೊಲ ನಿಮಗ ಹೇಳಾಕ ಅಷ್ಟೇ. ಲೆಕ್ಕಕ್ಕ ಹೊಲ ನಡಿಯಂಗಿಲ್ಲ."

ಹೊಸ ಲೆಕ್ಕಕ್ಕೆ ಒಂದರ ಬದಲು ಎರಡು ಮಿತಿಗಳು ಬೇಕಾದವು. ಜೋಡಣೆಗಳು ತಾಳುವ ಕರೆಂಟ್ ಒಂದು, ಹರಳು ತಾಳುವುದು ಇನ್ನೊಂದು. ಅಷ್ಟು ಲೆಕ್ಕ ಕೈಯಲ್ಲಿ ಮುಗಿಯುವಂಥದಲ್ಲ. ಗುಲ್ಬರ್ಗಾದ ಕಂಪ್ಯೂಟರ್ ಕೋಣೆಯಲ್ಲಿ ರಜೆಯ ದಿನ ಸಿಕ್ಕ ಹೊತ್ತಿನಲ್ಲಿ ಕೂತು ಮಾಡಿಕೊಂಡು ಬರುತ್ತಿದ್ದರು. ಸುರಪುರದಲ್ಲಿ ಪಾಠವನ್ನೇನೂ ತಪ್ಪಿಸುತ್ತಿರಲಿಲ್ಲ. ಕೊನೆಗೆ ಲೆಕ್ಕದಲ್ಲೂ ಎರಡು ಉಬ್ಬು ಬಂದವು. ನಾನು ಕುಣಿದಾಡುವಷ್ಟು ಖುಷಿಪಟ್ಟೆ. ಅವರಿಗೆ ಇನ್ನೂ ಸಮಾಧಾನವಿಲ್ಲ.

"ಬರೋ ಹಂಗ ಮಾಡಿದ್ರ ಬಂದೇ ಬರ್ತದ ಆಪಾ. ನಾ ಹೇಳಿದ್ದು ಖರೆ ಇದ್ರ, ಬಿಲ್ಲಿ ಪುಡಿ ಮಾಡಿದ್ರ ಜೋಡಣಿ ಹೋಗ್ತಾವ. ದೊಡ್ಡ ಉಬ್ಬು ಹೋಗಬೇಕು, ಸಣ್ಣದು ಉಳೀಬೇಕು. ಕಲಬೆರಕಿ ಇದ್ರ ಎರಡೂ ಉಳೀತಾವ."

ಮಷಿನ್ನಿಗೆ ಹೊಸ ರೋಲರ್ ಹಾಕಿಸಲು ನಾನು ಗುಲ್ಬರ್ಗಾಕ್ಕೆ ಹೋಗಬೇಕಿತ್ತು. ಅದೇ ರೈಲಿನಲ್ಲಿ ಅವರೂ ಹೊರಟರು. ಮಷಿನ್ ರಿಪೇರಿಗೆ ಕೊಟ್ಟು, ಅದು ಆಗುವತನಕ ನಾನು ಅವರ ಹಿಂದೆ ಲ್ಯಾಬಿಗೆ ಹೋದೆ.

ಬಿಲ್ಲೆ ಮಾಡುವ ಸಂಶೋಧಕರು ಗುರುಮಠಕಲ್ ಕಡೆಯವರು, ಮಾತಿನಲ್ಲಿ ತೆಲುಗಿನ ಎಳೆತವಿತ್ತು. ಪುಡಿಗಳನ್ನು ತೂಗಿ ಬೆರೆಸಿ, ಅರೆದು, ಕುಲುಮೆಯಲ್ಲಿ ಬೇಯಿಸಿ, ಮತ್ತೆ ಅರೆದು, ಒತ್ತಿ, ಆಕ್ಸಿಜನ್ ಹಾಯಿಸುತ್ತ ಮತ್ತೆ ಬೇಯಿಸಿ ಒಂದೊಂದು ಬಿಲ್ಲೆ ತೆಗೆಯುತ್ತಿದ್ದರು. ಅವರ ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ಚೆನ್ನಾದ ಬಿಲ್ಲೆಯನ್ನೇ ಮೇಡಮ್ ಕೇಳಿದರು.

"ಅದೊಂದೇ ಚೊಲೋ ಬಂದದ ಮೇಡಮ್," ಎಂದು ಅವರು ಡಬ್ಬಿ ಮುಚ್ಚಿದರು. "ಪುಡಿ ಮಾಡಾಕ ಬ್ಯಾರೆ ಕೊಡ್ತೀನಿ. ಒಡ್ದಿದ್ದು ಎಷ್ಟೋ ಬಿದ್ದಾವ."

"ಒಡ್ದಿದ್ದು ಕುಟ್ಟಿದ್ರ, ಅದು ಮೊದಲೇ ಕೆಟ್ಟಿತ್ತು ಅಂತಾರ್ರಿ. ಚೊಲೋದನ್ನೇ ಕುಟ್ಟಬೇಕು."

ಸಂಶೋಧಕರು ಮುಚ್ಚಿದ ಡಬ್ಬಿಯನ್ನು ಮನಸ್ಸಿಲ್ಲದೆ ಮತ್ತೆ ತೆರೆದರು. ಆಮೇಲೆ ಬಿಲ್ಲೆ ತೆಗೆದು, ಮೊದಲು ಇಡಿಯಾಗಿ ಒಮ್ಮೆ ಅಳೆದು ಗೆರೆ ಬರೆಸಿಕೊಂಡರು. ಎರಡೂ ಉಬ್ಬು ಇದ್ದವು. ಬಳಿಕ ಕಲ್ಲಿನ ಸಣ್ಣ ಖಲಬತ್ತ ತಂದು ಮೇಡಮ್ಮರ ಮುಂದಿಟ್ಟು, "ನೀವೇ ಕುಟ್ರಿ. ನನ್ನ ಕೈಲೆ ಆಗಂಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿ ನಿಂತರು.

ಅಲ್ಲಿಯತನಕ ಮೇಡಮ್ ಪೆನ್ನು ಹಿಡಿದು ಮಾಡಿದ ಕೆಲಸವೇ ಎಲ್ಲ. ಅವತ್ತು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಕರಿ ಬಿಲ್ಲೆಯನ್ನು ಕುಟ್ಟಿ, ನುಣ್ಣಗೆ ಅರೆದರು. ಹರಳುಗಳು ಒಂದಕ್ಕೊಂದು ತಾಗದಿರಲೆಂದು ಪುಡಿಯನ್ನು ಮೇಣದಲ್ಲಿ ಕಲಸಿ ಮತ್ತೆ ಅಳತೆಗಿಟ್ಟರು. ಹೊಗೆಯಾಡುವ ನೈಟ್ರೋಜನ್ ಸುರಿದು ತಂಪು ಮಾಡಿ, ಆಮೇಲೆ ತಾನಾಗಿ ಬೆಚ್ಚಗಾಗಲು ಬಿಟ್ಟರು. ಹಾಳೆಯ ಮೇಲೆ ಒಂದು ಪೆನ್ನು ತಾನೇ ಗೆರೆ ಎಳೆಯುತ್ತಿತ್ತು. ಎಷ್ಟು ನಿಧಾನವೆಂದರೆ ಅದು ಓಡುತ್ತಿದೆಯೋ ನಿಂತಿದೆಯೋ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಗೈಡ್ ಕೂಡ ಬಂದು ನಮ್ಮ ಹಿಂದೆ ನಿಂತರು.

ದೊಡ್ಡ ಉಬ್ಬಿನ ಜಾಗ ಬಂತು. ಪೆನ್ನು ಏರಲಿಲ್ಲ, ಚಪ್ಪಟೆಯಾಗಿ ಹಾಗೇ ದಾಟಿ ಹೋಯಿತು. ನಾನು ಮೇಡಮ್ಮರ ಮುಖ ನೋಡಿದೆ, ಅವರು ರೆಪ್ಪೆ ಬಡಿಯದೆ ಹಾಳೆಯನ್ನೇ ನೋಡುತ್ತಿದ್ದರು. ಇನ್ನೂ ಸ್ವಲ್ಪ ಮುಂದೆ ಹೋಗಿ, ಕೊನೆಗೆ ಬಂತು ಎನ್ನುವಾಗ ಪೆನ್ನು ಮೆಲ್ಲಗೆ ಮೇಲೆದ್ದು ಒಂದು ಸಣ್ಣ ಉಬ್ಬು ಬರೆದು ಇಳಿಯಿತು.

ಕಿಟಕಿಯ ಹತ್ತಿರ ನಿಂತಿದ್ದವರೇ ಮೊದಲು ಮಾತಾಡಿದ್ದು. "ನನ್ನ ಬಿಲ್ಲ್ಯಾಗ ಕಲಬೆರಕಿ ಇಲ್ಲ ಹಂಗಾದ್ರ," ಎಂದರು. ಅವರ ಮುಖವೇ ಅರಳಿತ್ತು.

ಗೈಡ್ ಕನ್ನಡಕ ತೆಗೆದು ಹಾಳೆಯ ಮೇಲೆ ಬಗ್ಗಿ ನೋಡಿ, "ನಾ ಹೇಳಿದ ಆ ಒಂದು ಸಾಲು ಬರೀಬ್ಯಾಡಮ್ಮ. ಅಧ್ಯಾಯ ಹೊಸದಾಗಿ ಬರಿ" ಎಂದರು. ವಿದ್ಯಾರ್ಥಿಯ ಎದುರು ಅಷ್ಟು ಸರಳವಾಗಿ ಒಪ್ಪಿಕೊಂಡ ಆ ಹಿರಿಯರ ಮೇಲೂ ನನಗೆ ಗೌರವ ಹುಟ್ಟಿತು. ಮೇಡಮ್ "ಹೂಂ ಸರ್" ಎಂದು ಖಲಬತ್ತ ತೊಳೆಯಲು ಹೋದರು. ನಲ್ಲಿಯ ಹತ್ತಿರ ನಾನೂ ಹೋದೆ. ನಾನೇ ಇಸಿದುಕೊಂಡು ತೊಳೆದೆ.

ಹೊಸ ಅಧ್ಯಾಯ ಹಳೆಯದಕ್ಕಿಂತ ಉದ್ದವಾಯಿತು. ಅದನ್ನು ಹೊಡೆಯುವಾಗ ನನಗೆ ಬೇಸರವೇ ಆಗಲಿಲ್ಲ. ತಮ್ಮ ಮೊದಲಿನ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಅದು ಎಲ್ಲಿಯತನಕ ಸರಿ, ಎಲ್ಲಿ ಸೋಲುತ್ತದೆ ಎಂದು ಮೊದಲ ಪುಟಗಳಲ್ಲೇ ಬರೆದಿದ್ದರು.

ಮೌಖಿಕ ಪರೀಕ್ಷೆಯ ದಿನ ಅವರು ನನ್ನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದರು. ಹಿಂದಿನ ಬೆಂಚಿನಲ್ಲಿ ಕೂತೆ. ದೂರದಿಂದ ಬಂದಿದ್ದ ಪರೀಕ್ಷಕರು ನಗುಮುಖದವರು, ಪ್ರಶ್ನೆ ಮಾತ್ರ ಚೂಪು. ಇಂಗ್ಲಿಷಿನಲ್ಲಿ ಕೇಳಿದರು: ಇಷ್ಟೊಂದು ಅಂಕಿಗಳನ್ನು ನಮ್ಮ ಇಷ್ಟದಂತೆ ಬದಲಾಯಿಸಬಹುದಾದರೆ ಎರಡು ಉಬ್ಬೇನು, ಮೂರು ಬೇಕಾದರೂ ತರಬಹುದಲ್ಲ?

ಆ ಪುಟ ನಾನೇ ಹೊಡೆದದ್ದು, ಉತ್ತರ ಅಲ್ಲಿದೆಯೆಂದು ಗೊತ್ತು, ಆದರೆ ಏನೆಂದು ಬಾಯಿಗೆ ಬರುತ್ತಿಲ್ಲ.

ಮೇಡಮ್ ಅವಸರ ಮಾಡಲಿಲ್ಲ. ಹರಳಿನ ಗಾತ್ರ ಫೋಟೋದಿಂದ ಅಳೆದದ್ದು, ನಾನು ಹೊಂದಿಸಿದ್ದಲ್ಲ ಎಂದರು. ಎರಡು ಮಿತಿಗಳನ್ನು ಒಂದೇ ಒಂದು ಗೆರೆಯಿಂದ ತೆಗೆದುಕೊಂಡೆ, ಅದಾದ ಮೇಲೆ ಮುಟ್ಟಲಿಲ್ಲ ಎಂದರು. ಕಾಂತಬಲ ಹೆಚ್ಚಿಸಿದಾಗ ದೊಡ್ಡ ಉಬ್ಬು ಇನ್ನೂ ತಂಪಿನ ಕಡೆ ಸರಿಯಬೇಕು, ಸಣ್ಣದು ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು ಎಂದು ಲೆಕ್ಕ ಮೊದಲೇ ಹೇಳಿತ್ತು, ಅಳತೆಯಲ್ಲಿ ಹಾಗೇ ಆಯಿತು ಎಂದು ಚಿತ್ರ ತೋರಿಸಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಪರೀಕ್ಷಕರು ಕೇಳದ ಇನ್ನೊಂದು ಚಿತ್ರವನ್ನೂ ಮೇಡಮ್ ಮುಂದಿಟ್ಟರು. ಬಲ ಬಹಳ ಹೆಚ್ಚಾದಾಗ ಲೆಕ್ಕ ಮತ್ತು ಅಳತೆ ದೂರ ಸರಿಯುತ್ತಿದ್ದವು. "ಇಲ್ಲಿಂದ ಆಚೆ ನನ್ನ ಮಾದರಿ ಸಾಲುವುದಿಲ್ಲ. ಜೋಡಣೆಗಳು ಯಾಕೆ ಅಷ್ಟು ಸಡಿಲ ಎಂಬುದೂ ನನಗೆ ಗೊತ್ತಿಲ್ಲ" ಎಂದರು.

ಪರೀಕ್ಷಕರು ಆ ಎರಡನೇ ಚಿತ್ರವನ್ನೇ ಕೈಗೆತ್ತಿಕೊಂಡು ನೋಡಿದರು. ಆಮೇಲೆ ಪ್ರಶ್ನೆ ಕೇಳುವುದು ಬಿಟ್ಟು, ಕುರ್ಚಿ ಎಳೆದುಕೊಂಡು ಮೇಡಮ್ಮರ ಪಕ್ಕ ಹೋಗಿ ಕೂತು, ಇಬ್ಬರೂ ಒಂದೇ ಹಾಳೆಯ ಮೇಲೆ ಏನೇನೋ ಬರೆಯತೊಡಗಿದರು. ಪರೀಕ್ಷೆ ಮುಗಿಯಿತೋ ಇಲ್ಲವೋ ಎಂದು ಗೊತ್ತಾಗದೆ ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು.

ಮೇಡಮ್ ಪಾಸಾದರೆಂದು ಕೇಳಿಕೊಂಡು ಸಂಜೆಯ ಗಾಡಿಗೆ ವಾಪಸ್ಸು ಬಂದೆವು. ಶಹಾಬಾದ್ ದಾಟುವಷ್ಟರಲ್ಲಿ ಅವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಯಾದಗಿರಿಯಲ್ಲಿ ಇಳಿದಾಗ ಸುರಪುರದ ಬಸ್ಸು ಹೋಗಿಯಾಗಿತ್ತು. ನಮ್ಮಲ್ಲೇ ಉಂಡು ಮಲಗಿ, ಮರುದಿನ ಮೊದಲ ಬಸ್ಸಿಗೇ ಹೊರಟರು, ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ನಾನು ಬಸ್‌ಸ್ಟ್ಯಾಂಡಿನತನಕ ಹೋದೆ.

"ಒಂದು ದಿನ ರಜಾ ಹಾಕಿದ್ರ ಏನಾಗ್ತದ್ರಿ, ಡಾಕ್ಟರ್ ಆದ ಮರುದಿನ?" ಎಂದೆ.

"ಹುಡುಗ್ರು ಲ್ಯಾಬಿನ್ಯಾಗ ಕಾಯ್ತಿರ್ತಾವ ಆಪಾ," ಎಂದರು. ಬಸ್ಸಿನಲ್ಲಿ ಅವರ ಕಾಲೇಜಿನ ಇಬ್ಬರು ಹುಡುಗಿಯರೂ ಇದ್ದರು. ಎದ್ದು ಜಾಗ ಕೊಟ್ಟರು. ಅವರು ಕೂಡಲಿಲ್ಲ. ನಡುವೆ ಕಂಬಿ ಹಿಡಿದು ನಿಂತು, ಇವತ್ತು ಯಾವ ಪ್ರಯೋಗ ಬಂದರೆ ಏನು ಮಾಡಬೇಕೆಂದು ಆ ಹುಡುಗಿಯರಿಗೆ ಹೇಳಲು ಶುರು ಮಾಡಿದರು. ಬಸ್ಸು ಶಹಾಪುರ ರಸ್ತೆಗೆ ತಿರುಗುವತನಕ ಅವರ ಕೈ ಗಾಳಿಯಲ್ಲಿ ಏನೋ ಗೆರೆ ಎಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು.